ಬ್ಯಾಟರಿಯಿಂದ ಡಿಕ್ಕಿಯವರೆಗೆ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ನಮ್ಮ ಹುಡಗಿಯ ಜನರಿಗೆ ಒಂದು ವಿದ್ಯೆ ತಾನಾಗಿ ಒಲಿಯುತ್ತದೆ. ಹಾಸಿಗೆಯಲ್ಲಿ ಮಲಗಿದಲ್ಲಿಂದಲೇ, ಬರೀ ಹಾಡು ಕೇಳಿ, ರಸ್ತೆಯಲ್ಲಿ ಹೊರಟಿರುವ ಟ್ರ್ಯಾಕ್ಟರ್ ಯಾವ ಕಡೆಯದು ಎಂದು ಹೇಳುವ ವಿದ್ಯೆ. ಮರಾಠಿ ಹಾಡಾದರೆ ಡ್ರೈವರ್ ಉಮರ್ಗಾ ಕಡೆಯವನು. ತೆಲುಗಾದರೆ ಜಹೀರಾಬಾದಿನವನು. ಕವ್ವಾಲಿ, ಮರಾಠಿ, ಡಿಜೆ ಜನಪದ ಮೂರೂ ಒಂದರ ಬೆನ್ನಿಗೊಂದು ಬಂದರೆ ಅವನು ಅಪ್ಪಟ ನಮ್ಮ ಹುಮನಾಬಾದ ತಾಲೂಕಿನವನು, ಅನುಮಾನವೇ ಬೇಡ. ಎರಡು ಟ್ರಾಲಿ ಕಬ್ಬು ಎಳೆಯುವ ಇಂಜಿನ್ನಿನ ಏದುಸಿರು ಇಷ್ಟೆಲ್ಲ ಹಾಡಿನ ಕೆಳಗೆ ಎಲ್ಲೋ ಹುದುಗಿರುತ್ತದೆ. ಸೀಟಿನ ಹಿಂದೆ ಎರಡು ಪೆಟ್ಟಿಗೆ, ಮಡ್‌ಗಾರ್ಡಿನ ಮೇಲೆ ಎರಡು ಭೋಂಗಾ, ಡ್ರೈವರನ ತಲೆಯ ಮೇಲೆ ಬಣ್ಣಬಣ್ಣದ ಲೈಟು. ಕಿವಿಗೆ ಇಷ್ಟು ಹತ್ತಿರ ಇಷ್ಟು ಸದ್ದು ಇಟ್ಟುಕೊಂಡು ಅವನು ಕಾರ್ಖಾನೆಯ ಸರದಿಯಲ್ಲಿ ಹೇಗೆ ನಿದ್ದೆ ಮಾಡುತ್ತಾನೋ ದೇವರೇ ಬಲ್ಲ. ಮಾಡುತ್ತಾನೆ ಎಂಬುದಂತೂ ನಿಜ.

ಈ ಪೆಟ್ಟಿಗೆಗಳ ಬಗ್ಗೆ ಚಹಾದ ಹೋಟೆಲಿನಲ್ಲಿ ನಡೆಯುವ ಚರ್ಚೆ ಕೇಳಬೇಕು. ಬಫರ್ ಹತ್ತು ಇಂಚಿನದೋ ಹನ್ನೆರಡು ಇಂಚಿನದೋ, ಮ್ಯಾಗ್ನೆಟ್ ಎಷ್ಟು ದಪ್ಪ, ಬೇಸ್ ಎದೆಗೆ ಬಡಿಯುತ್ತದೋ ಹೊಟ್ಟೆಗೋ ಎಂಬುದೆಲ್ಲ ಎಳೆಎಳೆಯಾಗಿ ವಿಚಾರಣೆಗೆ ಬರುತ್ತದೆ. (ಊಫರ್ ಎನ್ನುವುದೇ ಸರಿ ಎಂದು ಒಬ್ಬ ಇಂಜಿನಿಯರಿಂಗ್ ಓದುವ ಹುಡುಗ ತಿದ್ದಲು ನೋಡಿದ. ಅವನ ಮಾತು ನಡೆಯಲಿಲ್ಲ.) ಆದರೆ ಬ್ಯಾಟರಿಯಿಂದ ಆ ಪೆಟ್ಟಿಗೆಯವರೆಗೆ ಕರೆಂಟು ಹೊತ್ತು ತರುವ ವಾಯರ್ ಎಂಥದ್ದು ಎಂದು ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ. ವಾಯರ್ ಎಂದರೆ ಎಲ್ಲೋ ಮ್ಯಾಟಿನ ಕೆಳಗೆ ಹೋಗುವಂಥದ್ದು. ಅದನ್ನು ಮೆಚ್ಚುವುದಕ್ಕೆ ಯಾರೂ ಡಿಕ್ಕಿ ತೆರೆಸುವುದಿಲ್ಲ.

ನನ್ನ ಅಕ್ಕನ ಮಗ ಒಂದು ಹಳೆಯ ಕಾರು ಕೊಂಡ. ಕೊಂಡವನು ಟೈರ್ ಬದಲಾಯಿಸಲಿಲ್ಲ, ಬ್ರೇಕ್ ನೋಡಿಸಲಿಲ್ಲ. ನೇರ ಹೈದರಾಬಾದಿಗೆ ಹೋಗಿ ಕೋಠಿಯ ಗುಜರಾತಿ ಗಲ್ಲಿಯಲ್ಲಿ ಹೊಕ್ಕು ಒಂದು ಆಂಪ್ಲಿಫೈಯರ್, ಒಂದು ಬಫರ್ ತಂದ. ಆಂಪ್ಲಿಫೈಯರಿನ ಡಬ್ಬಿಯ ಮೇಲೆ 2000 ವಾಟ್ ಎಂದು ಬೆಂಕಿಯ ಚಿತ್ರದ ಜೊತೆಗೆ ಬರೆದಿತ್ತು. ಅದರ ಜೊತೆಗೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ವೈರಿಂಗ್ ಕಿಟ್: ಕೆಂಪನೆಯದೊಂದು ದಪ್ಪ ವಾಯರ್, ಗಿಡ್ಡನೆಯ ಕರಿ ವಾಯರ್, ಸಣ್ಣ ನೀಲಿ ವಾಯರ್, ಒಂದು ಫ್ಯೂಸಿನ ಡಬ್ಬಿ. ಕೆಂಪು ವಾಯರ್ ಹೆಬ್ಬೆರಳಿನಷ್ಟು ದಪ್ಪ ಇತ್ತು.

"ಮಾಮಾ, ಫೋರ್ ಗೇಜ್ ಅದ ನೋಡ್ರಿ," ಎಂದ.

ನನ್ನ ಹತ್ತಿರ ಬಂದದ್ದಕ್ಕೆ ಕಾರಣ ಸಂಗೀತ ಅಲ್ಲ, ಪಂಪ್‌ಸೆಟ್. ಟಿ.ಸಿ.ಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ದೂರದಲ್ಲಿ ಬೋರು ಇರುವ ಹೊಲದ ಮಾಲೀಕ ವೋಲ್ಟೇಜ್ ವಿಷಯದಲ್ಲಿ ಊರಿಗೆಲ್ಲ ಪಂಡಿತ. ನಮ್ಮ ಕಡೆ ರೈತನಿಗೆ ಇದನ್ನು ಯಾವ ಕಾಲೇಜೂ ಕಲಿಸಬೇಕಿಲ್ಲ. ಏಳು ತಾಸು ತ್ರೀ ಫೇಸ್ ಎನ್ನುತ್ತಾರೆ. ಬಂದಾಗ ಎಲ್ಲರೂ ಒಮ್ಮೆಲೇ ಸ್ಟಾರ್ಟರ್ ಒತ್ತುತ್ತಾರೆ. ಲೈನಿನ ಕೊನೆಯಲ್ಲಿರುವವನ ಮೀಟರಿನ ಮುಳ್ಳು 415 ಇರಬೇಕಾದಲ್ಲಿ 300ಕ್ಕೆ ಕುಸಿಯುತ್ತದೆ. ಮೋಟಾರು ಗುಂಯ್ ಎನ್ನುತ್ತದೆ, ನೀರು ಎತ್ತುವುದಿಲ್ಲ, ಬಿಸಿಯಾಗುತ್ತದೆ, ಕೊನೆಗೆ ಸುಡುತ್ತದೆ. ರಿವೈಂಡಿಂಗ್ ಅಂಗಡಿಯವನು ಸುಟ್ಟ ತಾಮ್ರವನ್ನು ಬಿಚ್ಚಿ ತೂಗುತ್ತಾನೆ. ಕಾರಿನ ವಾಯರ್ ಆರಿಸುವ ಶಾಸ್ತ್ರವೆಲ್ಲ ಇಷ್ಟೇ. ಹೊಲದಲ್ಲಿ ಇದನ್ನೆಲ್ಲ ಅನುಭವಿಸಿದ ಮನುಷ್ಯ ಕಾರಿನೊಳಗೆ ಕೂತ ಕೂಡಲೇ ಪೂರ್ತಿ ಮರೆಯುತ್ತಾನೆ, ಅದೇ ಸೋಜಿಗ.

ಮರೆಯುವುದಕ್ಕೆ ಕಾರಣ ಮನೆ. ಮನೆಯಲ್ಲಿ 1000 ವಾಟಿನ ಇಸ್ತ್ರಿ ಪೆಟ್ಟಿಗೆ ಒಂದು ಸಣ್ಣ ವಾಯರಿನಲ್ಲಿ ಆರಾಮ ನಡೆಯುತ್ತದೆ, ಏಕೆಂದರೆ ಅಲ್ಲಿ 230 ವೋಲ್ಟ್ ಇದೆ. ಹರಿಯುವ ಕರೆಂಟು ನಾಲ್ಕೈದು ಆಂಪಿಯರ್ ಮಾತ್ರ. ಕಾರಿನಲ್ಲಿ ಬ್ಯಾಟರಿ 12 ವೋಲ್ಟಿನದು, ಇಂಜಿನ್ ಓಡುತ್ತಿರುವಾಗ 14ರ ಆಸುಪಾಸು. ಅಷ್ಟೇ ವಾಟ್ ಬೇಕೆಂದರೆ 70 ಆಂಪಿಯರಿಗಿಂತ ಹೆಚ್ಚು ಕರೆಂಟು ಓಡಬೇಕು. ವಾಯರಿಗೆ ಭಾರವಾಗುವುದು ಈ ಆಂಪಿಯರೇ, ವಾಟ್ ಅಲ್ಲ. ಬೋರಿನ ನೀರು ಒಂದಿಂಚಿನ ಪೈಪಿನಲ್ಲಿ ಹರಿಯುವುದಕ್ಕೂ ಎರಡಿಂಚಿನದರಲ್ಲಿ ಹರಿಯುವುದಕ್ಕೂ ಇರುವ ಅಂತರವನ್ನು ಅಳಿಯನಿಗೆ ಹೇಳಿದೆ. ಅವನಿಗೆ ತಕ್ಷಣ ತಿಳಿಯಿತು. ತಿಳಿದ ಕೂಡಲೇ ಅವನು ಕೇಳಿದ್ದು, "ಹಂಗಾದ್ರ 2000 ವಾಟಿಗೆ ಎಷ್ಟು ಇಂಚಿನ ವಾಯರ್ ಬೇಕು ಮಾಮಾ?"

ಇಲ್ಲಿ ಡಬ್ಬಿಯ ಮೇಲಿನ ಸಾಹಿತ್ಯದ ಬಗ್ಗೆ ಎರಡು ಮಾತು. ನಮ್ಮ ಕಾಲದಲ್ಲಿ ಟೇಪ್‌ರೆಕಾರ್ಡರಿನ ಮೇಲೆ ಪಿ.ಎಂ.ಪಿ.ಓ. ಎಂಬ ಅಕ್ಷರಗಳಿರುತ್ತಿದ್ದವು. ಆರು ಸೆಲ್ಲಿನ ಮೇಲೆ ಓಡುವ ಪೆಟ್ಟಿಗೆಯ ಮೇಲೆ ಸಾವಿರದ ಲೆಕ್ಕದ ವಾಟು. ಅಷ್ಟು ವಾಟ್ ಅದರಲ್ಲಿದ್ದಿದ್ದರೆ ನಾವು ಅದಕ್ಕೆ ಬೋರಿನ ಮೋಟಾರನ್ನೇ ಜೋಡಿಸಿಬಿಡುತ್ತಿದ್ದೆವು. ಆ ಸುಳ್ಳು ಈಗ ಹೆಸರು ಬದಲಿಸಿ 'ಮ್ಯಾಕ್ಸ್' ಎಂದಾಗಿದೆ. ನಂಬಬಹುದಾದದ್ದು ಆರ್.ಎಂ.ಎಸ್. ವಾಟ್; ಅದನ್ನು ಬರೆದಿದ್ದರೂ ಇರುವೆಯಷ್ಟು ಸಣ್ಣ ಅಕ್ಷರದಲ್ಲಿರುತ್ತದೆ. ಅದೂ ಸಿಗದಿದ್ದರೆ ಆಂಪ್ಲಿಫೈಯರಿನ ಬದಿಯಲ್ಲಿ ಚುಚ್ಚಿರುವ ಫ್ಯೂಸ್ ನೋಡಬೇಕು. ಬರೆಯುವವನು ಏನು ಬೇಕಾದರೂ ಬರೆಯಬಹುದು, ಫ್ಯೂಸ್ ಹಾಕುವವನು ಲೆಕ್ಕ ಹಾಕಿಯೇ ಹಾಕಿರುತ್ತಾನೆ. ಅಳಿಯನ ಆಂಪ್ಲಿಫೈಯರಿನಲ್ಲಿ 30 ಆಂಪಿಯರಿನ ಎರಡು ಫ್ಯೂಸಿದ್ದವು. ಒಟ್ಟು 60. ಹದಿನಾಲ್ಕರಿಂದ ಗುಣಿಸಿದರೆ ಒಳಗೆ ಹೋಗುವುದೇ 840 ವಾಟ್. ಅದು ಡಿ ಕ್ಲಾಸಿನ ಆಂಪ್ಲಿಫೈಯರ್ ಆಗಿದ್ದರೆ ನೂರಕ್ಕೆ ಎಂಬತ್ತರಷ್ಟು ಸಂಗೀತವಾಗುತ್ತದೆ, ಹಳೆಯ ಎ-ಬಿ ಕ್ಲಾಸ್ ಆದರೆ ಅರ್ಧಕ್ಕಿಂತ ತುಸು ಹೆಚ್ಚು, ಉಳಿದದ್ದು ಶಾಖ. ಎರಡು ಸಾವಿರ ವಾಟಿನ ರಾಕ್ಷಸ ಹೀಗೆ ಕಾಗದದ ಮೇಲೆ ಹೆಚ್ಚೆಂದರೆ ಆರೇಳು ನೂರಕ್ಕೆ ಇಳಿದ. ಅಳಿಯನ ಮುಖವೂ ಅದೇ ಪ್ರಮಾಣದಲ್ಲಿ ಇಳಿಯಿತು. ನನಗಂತೂ ಸಮಾಧಾನವಾಯಿತು. ಅರವತ್ತು ಆಂಪಿಯರಿಗೆ ವಾಯರ್ ಹುಡುಕಬಹುದು.

ಗೇಜ್ ಎಂಬ ಲೆಕ್ಕವೇ ತಲೆಕೆಳಗು. ಅಂಕಿ ಸಣ್ಣದಾದಷ್ಟೂ ತಂತಿ ದಪ್ಪ. ಹತ್ತಕ್ಕಿಂತ ಎಂಟು ದಪ್ಪ, ಎಂಟಕ್ಕಿಂತ ನಾಲ್ಕು, ನಾಲ್ಕಕ್ಕಿಂತ ಸೊನ್ನೆ. ಸೊನ್ನೆಯೂ ಸಾಲದೆಂದು ಎರಡು ಸೊನ್ನೆ, ಮೂರು ಸೊನ್ನೆ. ಅಮೆರಿಕದಲ್ಲಿ 1857ರಲ್ಲಿ ಮಾಡಿದ ಪಟ್ಟಿ ಇದು. ದಪ್ಪ ಲೋಹದ ಕಂಬಿಯನ್ನು ಅಚ್ಚಿನ ತೂತಿನಲ್ಲಿ ಹಾಕಿ ಎಳೆದು ತೆಳುಮಾಡುತ್ತ ಹೋಗುವಾಗ, ಹೆಚ್ಚು ಸಲ ಎಳೆದಷ್ಟೂ ದೊಡ್ಡ ನಂಬರು. ಹಾಗೆ ನೋಡಿದರೆ ತಲೆಕೆಳಗಲ್ಲ. ಅಲ್ಲಿ ಮೂರು ನಂಬರು ಇಳಿದರೆ ತಂತಿಯ ಹರವು ಎರಡರಷ್ಟಾಗುತ್ತದೆ. ಬ್ರಿಟಿಷರದು ಇನ್ನೊಂದು ಪಟ್ಟಿ. ನಮ್ಮ ಹಳೆಯ ವೈರ್‌ಮನ್‌ಗಳು ಇವತ್ತಿಗೂ 'ಮೂರ್ ಬೈ ಇಪ್ಪತ್ತೆರಡು', 'ಸೆವೆನ್ ಬೈ ಟ್ವೆಂಟಿ' ಎನ್ನುವುದು ಆ ಲೆಕ್ಕದಲ್ಲೇ: ಇಪ್ಪತ್ತೆರಡು ನಂಬರಿನ ಮೂರು ಎಳೆ, ಇಪ್ಪತ್ತು ನಂಬರಿನ ಏಳು ಎಳೆ. ಹೊಸ ಹುಡುಗರು ಅದನ್ನು ಬಿಟ್ಟು 'ಸ್ಕ್ವೇರ್ ಎಂ.ಎಂ.' ಎನ್ನುತ್ತಾರೆ. ನನಗೆ ಈ ವಿಷಯದಲ್ಲಿ ಹೊಸ ಹುಡುಗರೇ ಸರಿ ಅನಿಸುತ್ತದೆ. ನಾಲ್ಕು ಗೇಜ್ ಎಂದರೆ 21 ಚದರ ಮಿಲಿಮೀಟರ್ ಲೋಹ, ಎಂಟು ಗೇಜ್ ಎಂದರೆ ಎಂಟೂ ಚಿಲ್ಲರೆ. ಲೋಹ ಎಂಬ ಮಾತನ್ನು ಗಟ್ಟಿಯಾಗಿ ಹೇಳಬೇಕು. ಪ್ಲಾಸ್ಟಿಕ್ ಸೇರಿಸಿ ಅಲ್ಲ.

ತಂತಿ ಎಳೆಯುವುದೆಂದರೆ ನಮ್ಮ ಜಿಲ್ಲೆಗೇನೂ ಹೊಸದಲ್ಲ. ಬೀದರಿನ ಬಿದರಿ ಕೆಲಸದವರು ಸತು ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಯ ಮೇಲೆ ಸಣ್ಣ ಉಳಿಯಿಂದ ಗೆರೆ ಕೊರೆದು, ಅದರಲ್ಲಿ ಬೆಳ್ಳಿಯ ತಂತಿ ಕೂರಿಸಿ ಬಡಿಯುತ್ತಾರೆ. ತಾರಕಶಿ ಎಂದು ಅದರ ಹೆಸರು. ಆಮೇಲೆ ಹಳೆಯ ಕೋಟೆಯ ಮಣ್ಣು ಹಚ್ಚಿ ಕಪ್ಪು ಬರಿಸುತ್ತಾರೆ. ಕರೆಂಟು ಹರಿಸುವುದರಲ್ಲಿ ಎಲ್ಲ ಲೋಹಗಳಿಗಿಂತ ಮುಂದಿರುವುದು ಈ ಬೆಳ್ಳಿಯೇ, ತಾಮ್ರಕ್ಕಿಂತ ನೂರಕ್ಕೆ ಐದಾರು ಪಾಲು ಮೇಲು. ಈ ಮಾತನ್ನು ಅಳಿಯನ ಎದುರು ಆಡಬಾರದಿತ್ತೇನೋ. "ಬೆಳ್ಳಿ ವಾಯರ್ ಹಾಕಿಸಿದ್ರ ಹ್ಯಾಂಗ ಮಾಮಾ?" ಎಂದು ಶುರುಮಾಡಿದ. ಅಕ್ಕನ ಕಾಲುಂಗುರ, ಕಾಲಗೆಜ್ಜೆಗಳ ಮೇಲೆ ಅವನ ಕಣ್ಣು ಹೋಗುವ ಮೊದಲು ವಿಷಯವನ್ನು ತಾಮ್ರಕ್ಕೆ ತಂದೆ.

ತಾಮ್ರದ ವಿಷಯಕ್ಕೆ ಬಂದರೆ ನಿಜವಾದ ತಮಾಷೆ ಶುರು. ಪೇಟೆಯಲ್ಲಿ ಸಿಗುವ ಅಗ್ಗದ ಕಿಟ್ಟುಗಳ ಕೆಂಪು ವಾಯರ್ ಬಹುಪಾಲು ತಾಮ್ರದ್ದಲ್ಲ. ಅಲ್ಯೂಮಿನಿಯಂ ಎಳೆಗೆ ತಾಮ್ರದ ತೆಳು ಲೇಪ ಬಳಿದದ್ದು. ಸಿ.ಸಿ.ಎ. ಎಂದು ಅದಕ್ಕೆ ಮೂರಕ್ಷರದ ಹೆಸರು. ಡಬ್ಬಿಯ ಮೇಲೆ ಈ ಮೂರಕ್ಷರ ಹುಡುಕಿದರೂ ಕಾಣುವುದಿಲ್ಲ. ಅಲ್ಯೂಮಿನಿಯಂ ತಾಮ್ರದ ನೂರಕ್ಕೆ ಅರವತ್ತರಷ್ಟು ಮಾತ್ರ ಕರೆಂಟು ಹರಿಸುತ್ತದೆ, ಮೇಲಿನ ಲೇಪ ಅದಕ್ಕೆ ತುಸು ಕೂಡಿಸುತ್ತದೆ ಅಷ್ಟೇ. ಅದೇನೂ ಪಾಪದ ವಸ್ತುವಲ್ಲ. ಕಂಬದಿಂದ ಕಂಬಕ್ಕೆ ಹೋಗುವ ಲೈನೆಲ್ಲ ಅಲ್ಯೂಮಿನಿಯಂದೇ. ಅಲ್ಯೂಮಿನಿಯಂ ಎಂದು ಹೇಳಿ, ಅದಕ್ಕೆ ತಕ್ಕ ದಪ್ಪ ಕೊಟ್ಟು, ಅದಕ್ಕೆ ತಕ್ಕ ಬೆಲೆ ತೆಗೆದುಕೊಂಡರೆ ನನ್ನದೇನೂ ತಕರಾರಿಲ್ಲ. ಆದರೆ ಇಲ್ಲಿ ಮೂರರಲ್ಲಿ ಒಂದೂ ಇರುವುದಿಲ್ಲ. ಅಳಿಯನ ವಾಯರಿನ ತುದಿಯನ್ನು ಬ್ಲೇಡಿನಿಂದ ಸೀಳಿ ನೋಡಿದರೆ ಹೆಬ್ಬೆರಳಿನ ದಪ್ಪವೆಲ್ಲ ಮೆತ್ತನೆಯ ಪ್ಲಾಸ್ಟಿಕ್, ನಡುವೆ ಕಿರುಬೆರಳಿನ ಅರ್ಧದಷ್ಟು ಎಳೆಗಳ ಕಟ್ಟು. ಒಂದು ಎಳೆಯನ್ನು ಚಾಕುವಿನಿಂದ ಕೆರೆದೆವು. ಒಳಗೆ ಬಿಳಿ.

"ಇದು ಫೋರ್ ಗೇಜ್ ಅಂತ ಬರ್ದಾರಲ್ರಿ!"

"ಪ್ಲಾಸ್ಟಿಕ್ ಫೋರ್ ಗೇಜ್ ಅದ," ಎಂದೆ.

ವಾಯರ್ ಪರೀಕ್ಷೆಗೆ ನನ್ನ ಮಟ್ಟಿಗೆ ಎಲ್ಲರಿಗಿಂತ ದೊಡ್ಡ ತಜ್ಞ ಎಂದರೆ ಭಂಗಾರಿನವನು, ಅಂದರೆ ಗುಜರಿಯವನು. ತಕ್ಕಡಿ ಹಿಡಿದು ಊರೂರು ತಿರುಗುವ ಆ ಮನುಷ್ಯ ಯಾವ ಲೇಬಲ್ಲೂ ಓದುವುದಿಲ್ಲ. ವಾಯರನ್ನು ಕೈಯಲ್ಲಿ ಒಮ್ಮೆ ಎತ್ತಿ ನೋಡುತ್ತಾನೆ, ತುದಿಗೆ ಕಡ್ಡಿ ಗೀರುತ್ತಾನೆ, ಉಗುರಿನಿಂದ ಕೆರೆಯುತ್ತಾನೆ. ಅಲ್ಲಿಗೆ ತೀರ್ಪು ಮುಗಿಯಿತು. ತಾಮ್ರಕ್ಕೊಂದು ದರ, ಅಲ್ಯೂಮಿನಿಯಂಗೊಂದು ದರ, ಈ ಲೇಪದ ಮಾಲಿಗೆ ಒಂದು ನಗು. ಒಂದೇ ಅಳತೆಯ ಅಲ್ಯೂಮಿನಿಯಂಗಿಂತ ತಾಮ್ರ ಮೂರು ಪಟ್ಟಿಗಿಂತ ಹೆಚ್ಚು ಭಾರ. ಅಸಲಿ ತಾಮ್ರದ ನಾಲ್ಕು ಗೇಜ್ ವಾಯರ್ ಐದು ಮೀಟರ್ ಇದ್ದರೆ ಒಳಗಿನ ಲೋಹವೇ 950 ಗ್ರಾಂ ಹತ್ತಿರ ತೂಗುತ್ತದೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಅಳಿಯನ ಕೆಂಪು ವಾಯರ್ ಪ್ಲಾಸ್ಟಿಕ್ ಸಮೇತ ಅದರ ಅರ್ಧವೂ ತೂಗಲಿಲ್ಲ. ಅಂಗಡಿಯ ಸಾವುಕಾರ, "ಏನ್ ತೊಗರಿ ಬೇಳೆ ಬದ್ಲಿ ವಾಯರ್ ಮಾರ್ಲತ್ತೀರಿ ಮಾಸ್ತರ?" ಎಂದು ಕೇಳಿ, ಅಲ್ಲಿ ನಿಂತವರಿಗೆಲ್ಲ ನಗು ಹಂಚಿದ.

ಹಾಗಂತ ಇನ್ನೊಂದು ತುದಿಗೂ ಹೋಗಬಾರದು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ 'ಆಮ್ಲಜನಕವಿಲ್ಲದ ತಾಮ್ರ' ಎಂದು ಚಿನ್ನದಕ್ಷರದಲ್ಲಿ ಬರೆದ ವಾಯರು ಸಿಗುತ್ತದೆ. ಸಾಧಾರಣ ಶುದ್ಧ ತಾಮ್ರಕ್ಕೂ ಇದಕ್ಕೂ ಕರೆಂಟು ಹರಿಸುವುದರಲ್ಲಿರುವ ಅಂತರ ನೂರಕ್ಕೆ ಒಂದರಷ್ಟೂ ಕಷ್ಟ. ಇದರಲ್ಲಿ ಬೇಸ್ ತುಂಬಿ ಬರುತ್ತದೆ, ಟ್ರೆಬಲ್ ಅರಳುತ್ತದೆ ಎನ್ನುವವರ ಕಿವಿಗೆ ಕೈ ಮುಗಿಯಬೇಕು. ಆದರೆ ಆ ಹೆಸರಿನಲ್ಲಿ 'ತಾಮ್ರ' ಎಂಬ ಮಾತಾದರೂ ಇದೆಯಲ್ಲ, ಅದಕ್ಕಾಗಿ ಆ ವಾಯರನ್ನು ಕ್ಷಮಿಸಬಹುದು.

ಲೆಕ್ಕ ಮಾಡಿ ನೋಡಿದೆವು. ಬ್ಯಾಟರಿಯಿಂದ ಡಿಕ್ಕಿಯವರೆಗೆ ಬಾಗಿ ಬಳಸಿ ಐದು ಮೀಟರ್. ಅರವತ್ತು ಆಂಪಿಯರ್ ಪೂರ್ತಿ ಎಳೆದಾಗ ತಾಮ್ರದ ನಾಲ್ಕು ಗೇಜಿನಲ್ಲಿ ದಾರಿಯಲ್ಲಿ ಕಳೆಯುವುದು ಕಾಲು ವೋಲ್ಟ್. ತಾಮ್ರದ ಎಂಟು ಗೇಜಿನಲ್ಲಿ ಅರ್ಧ ವೋಲ್ಟಿಗಿಂತ ತುಸು ಹೆಚ್ಚು. ಲೇಪದ ಎಂಟು ಗೇಜ್ ಆದರೆ ಒಂದು ವೋಲ್ಟ್. ಇನ್ನು ಮನೆಯ ವೈರಿಂಗಿನಲ್ಲಿ ಉಳಿದ 2.5 ಸ್ಕ್ವೇರ್ ತುಂಡನ್ನೇ ಹಾಕುತ್ತೇನೆ ಎಂದರೆ ಎರಡು ವೋಲ್ಟಿಗೂ ಮೇಲೆ ಹೋಯಿತು, ಜೊತೆಗೆ ಮ್ಯಾಟಿನ ಕೆಳಗೆ ನೂರಿಪ್ಪತ್ತು ವಾಟಿನ ಶಾಖ. ಹಳೆಯ ಕಾಲದ ನೂರು ವಾಟಿನ ಬಲ್ಬನ್ನು ಮುಟ್ಟಿದವರಿಗೆ ಇದರ ಅರ್ಥ ಹೇಳಬೇಕಿಲ್ಲ. ಹಾಡೆಂಬುದು ಸದಾ ಪೂರ್ತಿ ಜೋರಿನಲ್ಲಿ ಇರುವುದಿಲ್ಲ, ನಡುವೆ ಉಸಿರಾಡುತ್ತದೆ, ಆದ್ದರಿಂದ ವಾಯರ್ ಬದುಕಿಕೊಳ್ಳುತ್ತದೆ ಎಂಬ ವಾದವಿದೆ. ನಿಜ. ಆದರೆ ಅಳಿಯ ಕೇಳುವ ಡಿಜೆ ಜನಪದದಲ್ಲಿ ಉಸಿರಾಟಕ್ಕೆ ಎಡೆ ಇದ್ದಂತೆ ನನಗೆ ಕಾಣಲಿಲ್ಲ.

ಕೊನೆಗೆ ನಾವು ವಾಯರ್ ಕೊಂಡದ್ದು ಕಾರಿನ ಅಲಂಕಾರದ ಅಂಗಡಿಯಲ್ಲಲ್ಲ. ಹುಮನಾಬಾದಿನಲ್ಲಿ ಹೆದ್ದಾರಿ ಬದಿಗೆ ಲಾರಿಗಳ ಬ್ಯಾಟರಿ ಕೆಲಸ ಮಾಡುವವರ ಹತ್ತಿರ. ಹೈದರಾಬಾದ್, ಸೋಲಾಪುರ, ಪುಣೆ ಎಂದು ಹಗಲಿರುಳು ಓಡುವ ಲಾರಿಗಳು ಅವರಿಗೆ ಗಿರಾಕಿ. ಚಳಿಗಾಲದ ನಸುಕಿನಲ್ಲಿ ಲಾರಿಯ ಸ್ಟಾರ್ಟರ್ ತಿರುಗಬೇಕಾದರೆ ನೂರಾರು ಆಂಪಿಯರ್ ಬೇಕು, ಅಲ್ಲಿ ಲೇಪದ ಆಟ ನಡೆಯುವುದಿಲ್ಲ. ಕೂದಲಿನಂಥ ಎಳೆಗಳ, ಬಾಗಿಸಿದರೆ ಬಾಗುವ, 25 ಸ್ಕ್ವೇರಿನ ತಾಮ್ರದ ಕೇಬಲ್ ಅಳೆದು ಕತ್ತರಿಸಿ ಕೊಟ್ಟರು. ಬಣ್ಣ ಕಪ್ಪು. ಕೆಂಪು ಇಲ್ಲವೆಂದು ಅಳಿಯನಿಗೆ ಒಂದು ಸಣ್ಣ ದುಃಖ. ಮಿಸ್ತ್ರಿ ಎರಡೂ ತುದಿಗೆ ಕೆಂಪು ಟೇಪ್ ಸುತ್ತಿ ಸಮಾಧಾನ ಮಾಡಿದ. ವೆಲ್ಡಿಂಗ್ ಕೇಬಲ್ ಕೂಡ ನಡೆಯುತ್ತದೆ ಎಂದು ಅವನೇ ಹೇಳಿದ, "ಆದ್ರ ಕೆರ್ದು ನೋಡಿ ತಗೊಳ್ರಿ, ಅದ್ರಾಗೂ ಸಿಲ್ವರ್ ಬರ್ಲತ್ತದ" ಎಂದು ಎಚ್ಚರಿಕೆಯನ್ನೂ ಕೊಟ್ಟ. ನಮ್ಮ ಕಡೆ ಅಲ್ಯೂಮಿನಿಯಂಗೆ ಸಿಲ್ವರ್ ಎಂದೇ ಹೆಸರು. ಅಳಿಯನ ಬೆಳ್ಳಿಯ ಕನಸು ಒಂದು ರೀತಿಯಲ್ಲಿ ಮೊದಲೇ ಈಡೇರಿತ್ತು.

ಫ್ಯೂಸಿನ ವಿಷಯದಲ್ಲಿ ಮಿಸ್ತ್ರಿಗೂ ಅಳಿಯನಿಗೂ ಜಟಾಪಟಿಯಾಯಿತು. ಆಂಪ್ಲಿಫೈಯರಿನಲ್ಲೇ ಫ್ಯೂಸ್ ಇರುವಾಗ ಇನ್ನೊಂದು ಯಾಕೆ ಎಂಬುದು ಅಳಿಯನ ಪ್ರಶ್ನೆ. ಒಳಗಿನ ಫ್ಯೂಸ್ ಆಂಪ್ಲಿಫೈಯರಿಗೆ. ಬ್ಯಾಟರಿ ಹತ್ತಿರದ ಫ್ಯೂಸ್ ವಾಯರಿಗೆ. ಬಾನೆಟ್ಟಿನಿಂದ ಒಳಗೆ ಬರುವಲ್ಲಿ ತಗಡಿನ ತೂತಿನ ಅಂಚು ಇರುತ್ತದೆ. ಅಲ್ಲಿ ರಬ್ಬರ್ ಬಳೆ ಹಾಕದಿದ್ದರೆ ನಮ್ಮ ರಸ್ತೆಯ ಕುಲುಕಾಟಕ್ಕೆ ತಗಡು ದಿನಾ ಸ್ವಲ್ಪ ಸ್ವಲ್ಪ ಪ್ಲಾಸ್ಟಿಕ್ ತಿನ್ನುತ್ತದೆ. ಒಂದು ದಿನ ತಾಮ್ರ ಬಾಡಿಗೆ ತಾಗುತ್ತದೆ. ಬ್ಯಾಟರಿಯ ಬಳಿ ಫ್ಯೂಸ್ ಇಲ್ಲದಿದ್ದರೆ ಆ ಹೊತ್ತಿಗೆ ಬ್ಯಾಟರಿ ತನ್ನಲ್ಲಿರುವುದನ್ನೆಲ್ಲ ಒಂದೇ ಸಲ ಸುರಿಯುತ್ತದೆ, ವಾಯರ್ ಉದ್ದಕ್ಕೂ ಹೊತ್ತಿಕೊಳ್ಳುತ್ತದೆ. ಅದಕ್ಕೇ ಫ್ಯೂಸ್ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಇರಬೇಕು. ಡಿಕ್ಕಿಯಲ್ಲಿ ಚಂದ ಕಾಣುತ್ತದೆಂದು ಅಲ್ಲಿ ಹಾಕುವುದರಿಂದ ಚಂದ ಕಾಣುವುದೊಂದೇ ಲಾಭ. ಕರಿ ವಾಯರೂ ಅಷ್ಟೇ ದಪ್ಪ ಇರಬೇಕು, ಗಿಡ್ಡ ಇರಬೇಕು, ಬೋಲ್ಟಿನ ಕೆಳಗಿನ ಬಣ್ಣ ಕೆರೆದು ಹೊಳೆಯುವ ತಗಡಿಗೆ ಬಿಗಿಯಬೇಕು. ಹಾಡು ಸಾಗಿಸುವ ಸಣ್ಣ ವಾಯರನ್ನು ಕಾರಿನ ಇನ್ನೊಂದು ಬದಿಯಿಂದ ತರಬೇಕು, ಇಲ್ಲದಿದ್ದರೆ ಆಕ್ಸಿಲರೇಟರ್ ಒತ್ತಿದಂತೆಲ್ಲ ಸ್ಪೀಕರಿನಲ್ಲಿ ಒಂದು ಕುಂಯ್ ಎಂಬ ಅಳು. ಇವೆಲ್ಲ ಮಿಸ್ತ್ರಿಗೆ ಕೈಯಲ್ಲೇ ಗೊತ್ತು.

ಹಾಡು ಶುರುವಾದ ಮೇಲೆ ಬೇಸ್ ಬಡಿದಾಗಲೊಮ್ಮೆ ಹೆಡ್‌ಲೈಟು ಕಣ್ಣು ಮಿಟುಕಿಸುವ ಕಾರುಗಳನ್ನು ನೀವು ನೋಡಿರುತ್ತೀರಿ. ಅದಕ್ಕೆ ಮದ್ದೆಂದು ಹೊಳೆಯುವ ಡಬ್ಬಿಯೊಂದನ್ನು, ಕೆಪಾಸಿಟರ್ ಎಂದು, ಮಾರುತ್ತಾರೆ. ಕಾರಿನ ಆಲ್ಟರ್ನೇಟರೇ ಎಪ್ಪತ್ತು ಎಂಬತ್ತು ಆಂಪಿಯರಿನದಾಗಿದ್ದು, ಅದರಲ್ಲಿ ಲೈಟು, ಏಸಿ, ವೈಪರ್ ಎಲ್ಲ ನಡೆಯಬೇಕಾಗಿದ್ದರೆ ಯಾವ ವಾಯರೂ ಯಾವ ಡಬ್ಬಿಯೂ ಇಲ್ಲದ ಕರೆಂಟನ್ನು ಹುಟ್ಟಿಸಲಾರದು. ಕಾರಿನೊಳಗೆ ಹಾಡು ಬೇಕೆಂದವರು ಮೊದಲಿಂದಲೂ ಈ ಕರೆಂಟಿನ ತಾಪತ್ರಯವನ್ನೇ ಎದುರಿಸಿದ್ದಾರೆ. 1930ರಲ್ಲಿ ಗಾಲ್ವಿನ್ ಸಹೋದರರು ಅಮೆರಿಕದಲ್ಲಿ 'ಮೋಟೊರೋಲಾ' ಎಂಬ ಕಾರ್ ರೇಡಿಯೋ ಮಾರತೊಡಗಿದಾಗ ಕಾರುಗಳ ಬ್ಯಾಟರಿ 6 ವೋಲ್ಟಿನದು. ಅಷ್ಟೇ ವಾಟಿಗೆ ಈಗಿನ ಎರಡರಷ್ಟು ಕರೆಂಟು. ಐವತ್ತರ ದಶಕದ ನಡುವೆ ಕಾರುಗಳು 12 ವೋಲ್ಟಿಗೆ ಬಂದವು. ಅಲ್ಲಿಗೆ ನಿಂತುಬಿಟ್ಟವು. ಲಾರಿಯವರು 24ಕ್ಕೆ ಹೋದರು, ಜಾಣರು.

ಇಷ್ಟೆಲ್ಲ ಸದ್ದು ಯಾಕೆ ಎಂದು ಕೇಳುವ ವಯಸ್ಸು ನನ್ನದು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಕೂಡದೆಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ, ವಾಸದ ಬಡಾವಣೆಗೆ ರಾತ್ರಿ 45 ಡೆಸಿಬಲ್ ಎಂದು ಲೆಕ್ಕವನ್ನೂ ಕೊಟ್ಟಿದೆ. ಕಬ್ಬಿನ ಟ್ರ್ಯಾಕ್ಟರುಗಳಿಗೆ ಈ ನಿಯಮ ಓದಿ ಹೇಳುವವರು ಯಾರೆಂಬುದೇ ಪ್ರಶ್ನೆ. ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಕಾಲದಿಂದ ಸಂಗೀತ ನಡೆದುಬಂದಿದೆ. 1865ರಲ್ಲಿ ತೀರಿಕೊಂಡ ಆ ಸಂತರು ಕನ್ನಡ, ಮರಾಠಿ, ಹಿಂದುಸ್ತಾನಿ ಎಂದು ಭೇದವಿಲ್ಲದೆ ಪದ ಕಟ್ಟಿದವರು. ದತ್ತ ಜಯಂತಿಯ ದರಬಾರಿನಲ್ಲಿ ಗವಾಯಿಗಳು ಹಾಡುತ್ತಾರೆ. ಟ್ರ್ಯಾಕ್ಟರಿನವನ ಮೂರು ಭಾಷೆಯ ಹಾಡಿನ ಸರಣಿ ಆ ಗಾಳಿಯಿಂದಲೇ ಬಂದದ್ದು ಎಂದು ವಾದಿಸಿದರೆ ಒಪ್ಪುವವರು ಇಲ್ಲಿ ಸಿಕ್ಕಾರು. ವಾಲ್ಯೂಮ್ ಎಲ್ಲಿಂದ ಬಂತೆಂದು ಮಾತ್ರ ಕೇಳಬಾರದು.

ಅಳಿಯ ಕಿಟ್ಟಿನ ಕೆಂಪು ವಾಯರನ್ನು ಎಸೆಯಲಿಲ್ಲ. ಅಂಗಳದಲ್ಲಿ ಕಟ್ಟಿ ಬಟ್ಟೆ ಒಣಹಾಕಲು ಕೊಟ್ಟ. ಅಷ್ಟು ದಪ್ಪ ಪ್ಲಾಸ್ಟಿಕ್ಕಿಗೆ ಅದು ತಕ್ಕ ಕೆಲಸ. ಹೊಸ ಕೇಬಲ್ ಹಾಕುವ ದಿನ ಅಕ್ಕ ಅದರ ಸುರುಳಿಯನ್ನು ಕೈಯಲ್ಲಿ ಎತ್ತಿ, ಕತ್ತರಿಸಿದ ತುದಿಯಲ್ಲಿ ಹೊಳೆಯುವ ತಾಮ್ರ ನೋಡಿದಳು. ರೇಟು ಕೇಳಿದಳು. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಇಷ್ಟು ತಾಮ್ರದಾಗ ಒಂದು ಬಿಂದಗಿ ಬರ್ತಿತ್ತಲ್ಲೋ," ಎಂದಳು.

"ಬಿಂದಗಿ ಹಾಡ್ತದೇನ್ ಅವ್ವಾ?"

"ಹಾಡಲ್ಲ. ಅದಕ್ಕೇ ಮನ್ಯಾಗ ಇಟ್ಕೋತೀವಿ."